ಹನ್ನೆರಡರ ಭೋಂಗಾ

ಮನುಷ್ಯ ಬಾಯಿಬಿಟ್ಟು ಒಂದು ಮಾತಾಡಿದರೆ, ಬಾಯಿ ಬಿಡದೆ ಎರಡು ಮಾತಾಡಿರುತ್ತಾನೆ. ಆ ಆಡದ ಎರಡು ಮಾತನ್ನು ಹಿಡಿದು ತೋರಿಸುವ ಯಂತ್ರವೊಂದು ಬಂದರೆ ಏನಾದೀತು? ದೂರ ಹೋಗಿ ಕೇಳುವುದು ಬೇಡ, ನಾಗರಕಟ್ಟಿ ಊರಿನ ನೀಲಾಂಬಿಕಾಳ ಅಡುಗೆಮನೆಯಲ್ಲಿ ಒಂದು ಗಳಿಗೆ ನಿಂತರೆ ಸಾಕು.

"ಊಟಕ್ಕೇನೈತಿ?" ಎಂದು ಗಂಡ ಮುರಿಗೆಪ್ಪ ಕೇಳಿದ. ಬೆಳಿಗ್ಗೆ ಎಂಟಕ್ಕೆ ಮೋಟರ್ ರಿವೈಂಡಿಂಗ್ ಅಂಗಡಿಗೆ ಹೊರಡುವ ಮುಂಚೆಯೇ ಮಧ್ಯಾಹ್ನದ ಡಬ್ಬಿಯ ವಿಚಾರ ಕೇಳುವುದು ಅವನ ಇಪ್ಪತ್ತು ವರ್ಷದ ಚಟ.

ಕಪಾಟಿನ ಮೇಲಿದ್ದ ಬುಡ್ಡಿಯ ತಲೆಯಲ್ಲಿ ಹಸಿರು ದೀಪ ಹತ್ತಿತು. ಅದರ ಹೊಟ್ಟೆಯ ಮೇಲಿನ ಪಟ್ಟಿಯಲ್ಲಿ ಅಕ್ಷರಗಳು ಮೂಡಿದವು: 'ಊಹೆ: ಅಡುಗೆಯನ್ನು ಬೇರೆ ಯಾರೋ ಮಾಡಿದ್ದಾರೆ.'

"ನೋಡ್ರಿ, ಅದಕ್ಕೂ ತಿಳೀತು," ಎಂದು ನೀಲಾಂಬಿಕಾ ಡಬ್ಬಿಯ ಮುಚ್ಚಳ ಒತ್ತಿದಳು. "ನಿಮಗ ಯಾವಾಗ ತಿಳೀತದೋ."

"ಈ ಪೀಡಾ ಮನೀಗೆ ಬಂದಾಗಿಂದ ಬಾಯಿ ತೆಗಿಯಂಗಿಲ್ಲ ನೋಡು. ಕೆಮ್ಮಿದ್ರೂ ಅದರಾಗ ಒಂದು ಊಹೆ ತೋರಸ್ತೈತಿ," ಎಂದು ಗೊಣಗುತ್ತ ಮುರಿಗೆಪ್ಪ ಬೈಕ್ ಹತ್ತಿದ.

ಪೀಡೆ ಅನ್ನುವುದು ಸುಳ್ಳಲ್ಲ. ಸರ್ಕಾರಿ ಕಾಗದಗಳಲ್ಲಿ ಅದರ ಹೆಸರು 'ಅಂತರ್ಗತ ಊಹೆ ಶೋಧಕ'. ಚಿಮಣಿ ದೀಪದಷ್ಟೇ ಗಾತ್ರ ಇದ್ದದ್ದರಿಂದ ಜನ ಬುಡ್ಡಿ ಎಂದು ಕರೆದರು. ಎರಡು ವರ್ಷದಲ್ಲಿ ಅದು ಮನೆಮನೆಗೆ ಬಂದು ಕೂತಿತ್ತು. ಕನ್ಯಾ ನೋಡಲು ಬಂದವರು "ನಮಗೇನೂ ಬ್ಯಾಡ್ರಿ, ನಿಮ್ಮ ಮಗಳಿಗೆ ನೀವು ಮಾಡೂದು ಮಾಡ್ರಿ" ಎಂದರೆ, ಬುಡ್ಡಿ ಅವರ ಮುಖದ ಮುಂದೆಯೇ 'ಊಹೆ: ಹುಡುಗಿಯ ಮನೆಯವರು ಕೊಟ್ಟೇ ಕೊಡುತ್ತಾರೆ' ಎಂದು ಹಸಿರು ತೋರಿಸಿ ಮಾನ ಕಳೆಯುತ್ತಿತ್ತು. ಪಕ್ಕದ ಮನೆಯ ಅತ್ತೆ ಸೊಸೆ ಮಾತು ಬಿಟ್ಟು ಆರು ತಿಂಗಳಾಗಿತ್ತು. ಮಾತು ಬಿಟ್ಟ ಮೇಲೆ ಮನೆ ತಣ್ಣಗಿದೆ ಎಂದು ಇಬ್ಬರೂ ಬೇರೆಬೇರೆಯಾಗಿ ಬಂದು ನೀಲಾಂಬಿಕಾಳಿಗೆ ಹೇಳಿ ಹೋಗಿದ್ದರು.

ಅವಳಿಗೇ ಬಂದು ಹೇಳುವುದಕ್ಕೆ ಕಾರಣ ಇತ್ತು. ಬುಡ್ಡಿಗೆ ಅಕ್ಷರ ಕಲಿಸಿದವಳು ಅವಳೇ. ಹದಿನಾಲ್ಕು ವರ್ಷ ಧಾರವಾಡದಲ್ಲಿ ಒಂದು ಖಾನಾವಳಿಯ ಮೇಲಿನ ಕೋಚಿಂಗ್ ಕ್ಲಾಸಿನಲ್ಲಿ ಆಕೆ ರೀಸನಿಂಗ್ ಕಲಿಸಿದ್ದಳು. ಕೆಳಗಿನಿಂದ ಒಗ್ಗರಣೆಯ ವಾಸನೆ ಬರುತ್ತಿದ್ದರೆ ಮೇಲೆ ನೂರಿಪ್ಪತ್ತು ಹುಡುಗರಿಗೆ 'ಹೇಳಿಕೆ ಮತ್ತು ಊಹೆ' ಪಾಠ. ಒಂದು ಹೇಳಿಕೆ, ಅದರ ಕೆಳಗೆ ಎರಡು ಊಹೆ. ಯಾವುದು ಹೇಳಿಕೆಯ ಒಳಗೆ ಅಡಗಿದೆ, ಯಾವುದು ಇಲ್ಲ? ಅವಳು ಕಲಿಸಿದ ಉಪಾಯ ಸರಳ. ಊಹೆಯನ್ನು ತಿರುವಿ ಹಾಕಿ, ಅದು ಸುಳ್ಳು ಎಂದಿಟ್ಟುಕೊಂಡು ನೋಡು. ತಿರುವಿದಾಗ ಹೇಳಿಕೆಯೇ ಬಿದ್ದುಹೋದರೆ ಊಹೆ ಒಳಗಿತ್ತು ಅಂತ ಅರ್ಥ, ಹಸಿರು ಪೆನ್ನಿನ ಗುರುತು. ಹೇಳಿಕೆ ಅಲುಗಾಡದೆ ನಿಂತರೆ ಊಹೆ ಹೊರಗಿನದು, ಕೆಂಪು ಗುರುತು.

ಪ್ರತಿ ಬ್ಯಾಚಿನಲ್ಲೂ ಒಬ್ಬ ತಲೆಹರಟೆ ಎದ್ದು ನಿಲ್ಲುತ್ತಿದ್ದ. "ಮೇಡಂ, 'ಹುಲ್ಲಿನ ಮ್ಯಾಲ ನಡೀಬ್ಯಾಡ್ರಿ' ಅಂತ ಬೋರ್ಡ್ ಹಾಕಿದ್ರ, ಜನ ಬೋರ್ಡ್ ಓದಿ ಕೇಳ್ತಾರ ಅನ್ನೂದು ಊಹೆ ಅಂತೀರಿ. ನಮ್ಮೂರಾಗ ಯಾವನೂ ಕೇಳಂಗಿಲ್ರಿ!"

"ಕೇಳ್ತಾರೋ ಬಿಡ್ತಾರೋ, ಅದು ನಿನಗ್ಯಾಕ ಬೇಕು?" ಎಂದು ಅವಳು ಮೇಜು ಕುಟ್ಟುತ್ತಿದ್ದಳು. "ಊಹೆ ಖರೇನೋ ಸುಳ್ಳೋ ಪರೀಕ್ಷಾದಾಗ ಯಾರೂ ಕೇಳಂಗಿಲ್ಲ. ಹೇಳಿಕಿ ಒಳಗ ಐತೋ ಇಲ್ಲೋ, ಅಷ್ಟ ನೋಡು. ನಿಮ್ಮೂರನ್ನ ಮನ್ಯಾಗ ಬಿಟ್ಟು ಬಾ."

ಹಾಗೆ ಹೇಳಿಕೊಟ್ಟ ಹನ್ನೊಂದು ಸಾವಿರ ಪ್ರಶ್ನೆಗಳನ್ನು, ಹಸಿರು ಕೆಂಪು ಗುರುತಿನ ಉತ್ತರಗಳ ಸಮೇತ, ಯಂತ್ರ ಮಾಡುವವರು ಕೇಳಿ ತಗೊಂಡರು. ಅದನ್ನೆಲ್ಲ ನುಂಗಿ ಬುಡ್ಡಿ ಜಾಣವಾಯಿತು. ನೀಲಾಂಬಿಕಾಳಿಗೆ ಗಂಡನ ಊರಾದ ನಾಗರಕಟ್ಟಿಯಲ್ಲೇ, ಹೊಳೆಯ ನೀರು ನಿಯಂತ್ರಣ ಕೇಂದ್ರದಲ್ಲಿ, ಊಹೆ ಪರಿಶೀಲಕಿಯ ಕೆಲಸ ಸಿಕ್ಕಿತು. ಅಣೆಕಟ್ಟೆಯಿಂದ ನೀರು ಬಿಡುವಾಗ ಜನರಿಗೆ ಕೊಡುವ ಪ್ರತಿಯೊಂದು ಎಚ್ಚರಿಕೆಯನ್ನೂ ದೊಡ್ಡ ಬುಡ್ಡಿಯ ಮುಂದೆ ಇಡಬೇಕು, ಅದು ಒಳಗಿನ ಊಹೆಗಳನ್ನು ಎಳೆದು ತೋರಿಸಬೇಕು, ಎಲ್ಲ ಹಸಿರಾದರೆ ಇವಳು ಸಹಿ ಮಾಡಬೇಕು. ಕೆಲಸ ಸುಖದ್ದೇ. ಆದರೂ ಸಹಿ ಮಾಡುವಾಗಲೆಲ್ಲ ಏನೋ ಬಿಟ್ಟುಹೋಗಿದೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಯಾಕೆಂದು ಗೊತ್ತಿರಲಿಲ್ಲ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್ಸಿನಲ್ಲಿ ಕೂತ ಮೇಲೆ ಕಾಡುತ್ತದಲ್ಲ, ಹಾಗೆ.

ಅವತ್ತು ಬೆಳಿಗ್ಗೆ ಅವಳು ಹೊರಡುವ ಹೊತ್ತಿಗೆ ಅತ್ತೆ ದ್ಯಾಮವ್ವ ಪಡಸಾಲೆಯಲ್ಲಿ ಕೌದಿಗಳ ಗುಡ್ಡೆ ಹಾಕಿಕೊಂಡು ಕೂತಿದ್ದಳು. ಇನ್ನು ಎರಡು ದಿನಕ್ಕೆ ನವರಾತ್ರಿ. ದೇವರ ಮುಂದೆ ಘಟ ಹಾಕುವ ಮುಂಚೆ ಮನೆಯ ಹಾಸಿಗೆ ಹೊದಿಕೆಯೆಲ್ಲ ಹೊಳೆ ಕಾಣಲೇಬೇಕು. ಮನೆಯಲ್ಲಿ ಬಟ್ಟೆ ಒಗೆಯುವ ಮೆಷಿನ್ ಇದ್ದರೇನು, ಹಳೆ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ ಅದರ ಬಾಯಲ್ಲಿ ಹಿಡಿಯುವುದಿಲ್ಲ.

"ಓಣಿ ಹೆಣ್ಮಕ್ಕಳೆಲ್ಲಾ ಹೊಂಟೇವಿ ನೋಡ ನೀಲಾ," ಎಂದಳು ದ್ಯಾಮವ್ವ. "ಈ ಸಲ ಕರೆಗುಂಡಿನ ದಂಡಿಗೆ ಹೋಗಂಗಿಲ್ಲ. ಉಸುಕು ತಗದು ತಗದು ಅಲ್ಲಿ ಬರೇ ರಾಡಿ ಮಾಡ್ಯಾರ. ಹುಣಸಿಮರದ ದಂಡಿಗೆ ಹೊಕ್ಕೀವಿ. ಹನ್ನೆರಡರ ಭೋಂಗಾ ಆತಂದ್ರ ಬುತ್ತಿ ಬಿಚ್ಚೂದು, ಉಂಡು ಒಣಗಿಸಿಕೊಂಡು ನಾಕಕ್ಕ ಮನೀಗೆ."

ಭೋಂಗಾ ಅಂದರೆ ಊರಾಚೆಯ ಸಕ್ಕರೆ ಕಾರ್ಖಾನೆಯ ಸೈರನ್. ಬೆಳಗಿನ ನಾಲ್ಕು, ಮಧ್ಯಾಹ್ನ ಹನ್ನೆರಡು, ರಾತ್ರಿ ಎಂಟು, ಹೀಗೆ ಪಾಳಿ ಬದಲಾಗುವಾಗಲೆಲ್ಲ ಕೂಗುತ್ತದೆ. ಕಬ್ಬು ಅರೆಯುವ ಹಂಗಾಮು ಇರಲಿ, ಇಲ್ಲದಿರಲಿ, ಭೋಂಗಾ ತಪ್ಪಿದ್ದಿಲ್ಲ. ನಾಗರಕಟ್ಟಿಯಲ್ಲಿ ಕೈಗಡಿಯಾರ ಕಟ್ಟಿದವರು ಕಡಿಮೆ.

ಒಳಗೆ ಬುಡ್ಡಿ ಹಸಿರಾಯಿತು: 'ಊಹೆ: ಹನ್ನೆರಡರ ಭೋಂಗಾ ಎಂದರೆ ಊಟದ ಹೊತ್ತು.'

"ಫೋನ್ ತಗೊಂಡು ಹೋಗ್ರಿ ಅತ್ತಿ."

"ಯಾರೂ ತರಂಗಿಲ್ಲ, ನೀರಾಗ ನಿಂತಾಕಿಗೆ ಫೋನ್ ಯಾಕವಾ? ಮೀನಕ್ಕ ಫೋನ್ ಮಾಡ್ಲೇನು?" ಎಂದು ದ್ಯಾಮವ್ವ ನಕ್ಕು, ಫೋನನ್ನು ಅಕ್ಕಿ ಡಬ್ಬಿಯ ಮೇಲಿಟ್ಟಳು. ಗುಡ್ಡೆಯ ಮೇಲಿನ ನೀಲಿ ಅಂಚಿನ ಕೌದಿಯನ್ನು ಒಮ್ಮೆ ಸವರಿದಳು. ಅದು ಅವಳ ತಾಯಿ ಹೊಲಿದದ್ದು, ಮುರಿಗೆಪ್ಪ ಹುಟ್ಟಿದಾಗ ಅದರಲ್ಲೇ ಸುತ್ತಿದ್ದರಂತೆ.

ನಿಯಂತ್ರಣ ಕೇಂದ್ರಕ್ಕೆ ಹೋಗಿ ಕುರ್ಚಿಯಲ್ಲಿ ಕೂತು ಎರಡು ತಾಸಾಗಿರಲಿಲ್ಲ, ಮೇಲಿನ ಘಟ್ಟದಲ್ಲಿ ಮೋಡ ಒಡೆದ ಸುದ್ದಿ ಬಂತು. ಅಣೆಕಟ್ಟೆ ಮೊದಲೇ ತುಂಬಿತ್ತು. ಕೆಳಗೆ ಊರ ಹೊಳೆಯಲ್ಲಿ ಮೊಣಕಾಲುದ್ದ ನೀರಾದರೆ, ಮೇಲೆ ಕಟ್ಟೆಯ ಕುತ್ತಿಗೆವರೆಗೆ ನೀರು.

"ಹನ್ನೆರಡಕ್ಕ ಗೇಟು ತೆಗೀಲೇಬೇಕು ಮೇಡಂ," ಎಂದರು ಕೇಂದ್ರದ ಎಂಜಿನಿಯರ್ ಇಮ್ತಿಯಾಜ್ ಅತ್ತಾರ. ಶಾಂತ ಮನುಷ್ಯ. ಹೆದರಿದಾಗ ಕನ್ನಡಕ ತೆಗೆದು ಒರೆಸುವುದೊಂದೇ ಅವರ ಗುರುತು, ಈಗ ಒರೆಸುತ್ತಿದ್ದರು. "ನೀರು ಊರ ಹೊಳಿಗೆ ಬರಾಕ ನಲವತ್ತು ನಿಮಿಷ. ನಮ್ಮ ಎಚ್ಚರಿಕೆ ಸೈರನ್ನಿಗೂ ಹನ್ನೆರಡರ ಟೈಮ್ ಇಟ್ಟೇನಿ. ನಲವತ್ತು ನಿಮಿಷದಾಗ ಹತ್ತು ಸಲ ದಂಡಿ ಹತ್ತಿ ಇಳೀಬಹುದು."

ಆ ಸೈರನ್ ಹೋದ ವರ್ಷ ತಾನೇ ಕಂಬಕ್ಕೆ ಏರಿತ್ತು. ನಿಜವಾದ ನೀರಿಗೆ ಒಮ್ಮೆಯೂ ಕೂಗಿರಲಿಲ್ಲ.

ಎಚ್ಚರಿಕೆಯ ಮಾತು ದೊಡ್ಡ ಬುಡ್ಡಿಯ ಮುಂದೆ ಹೋಯಿತು: 'ಅಣೆಕಟ್ಟೆಯಿಂದ ನೀರು ಬಿಡಲಾಗುತ್ತಿದೆ. ಸೈರನ್ ಕೇಳಿದ ಕೂಡಲೇ ಹೊಳೆಯಲ್ಲಿರುವವರು ದಂಡೆ ಹತ್ತಬೇಕು.' ಗೋಡೆಯ ಮೇಲೆ ಸಾಲುಸಾಲಾಗಿ ಊಹೆಗಳು ಇಳಿದವು. ಹೊಳೆಯಲ್ಲಿ ಜನ ಇರಬಹುದು, ಹಸಿರು. ಸೈರನ್ ಅವರಿಗೆ ಕೇಳಿಸುತ್ತದೆ, ಹಸಿರು. ಅವರು ದಂಡೆ ಹತ್ತಬಲ್ಲರು, ಹಸಿರು. ಕೈಯಲ್ಲಿರುವ ಸಾಮಾನು ಬಿಟ್ಟು ಬರುತ್ತಾರೆ, ಹಸಿರು. ಒಟ್ಟು ಹದಿನೇಳು, ಹದಿನೇಳೂ ಹಸಿರು.

"ಹದಿನೇಳಕ್ಕ ಹದಿನೇಳು!" ಅತ್ತಾರರು ಕನ್ನಡಕ ಏರಿಸಿಕೊಂಡರು. "ಸಹಿ ಮಾಡ್ರಿ ಮೇಡಂ."

ಅವಳು ಪೆನ್ನು ಎತ್ತಿದಳು. ಕಣ್ಣು ಒಂಬತ್ತನೆಯ ಸಾಲಿಗೆ ಹೋಗಿ ಅಲ್ಲೇ ಸಿಕ್ಕಿಕೊಂಡಿತು. 'ಸೈರನ್ ಸದ್ದನ್ನು ಜನ ನೀರಿನ ಎಚ್ಚರಿಕೆಯೆಂದೇ ತಿಳಿಯುತ್ತಾರೆ.' ಹಸಿರು.

ಬೆಳಿಗ್ಗೆ ಮನೆಯಲ್ಲಿ ಇನ್ನೊಂದು ಹಸಿರು ಕಂಡಿದ್ದಳಲ್ಲ. ಹನ್ನೆರಡರ ಭೋಂಗಾ ಎಂದರೆ ಊಟದ ಹೊತ್ತು. ಅದೇ ಸದ್ದು, ಅದೇ ಹೊತ್ತು, ಎರಡು ಅರ್ಥ. ಎರಡಕ್ಕೂ ಹಸಿರು! ಎರಡೂ ಖರೆ ಆಗಿರಲು ಹೇಗೆ ಸಾಧ್ಯ?

ಖರೆ ಎಂದು ಬುಡ್ಡಿ ಯಾವಾಗ ಹೇಳಿತ್ತು? ಹಸಿರು ಅಂದರೆ 'ಊಹೆ ಒಳಗಿದೆ' ಅಂತ ಅಷ್ಟೇ. ಖರೇನೋ ಸುಳ್ಳೋ ನಿನಗ್ಯಾಕ ಬೇಕು ಎಂದು ಮೇಜು ಕುಟ್ಟಿ ಕಲಿಸಿದವಳು ತಾನೇ ಅಲ್ಲವೇ? ಹನ್ನೊಂದು ಸಾವಿರ ಪ್ರಶ್ನೆಗಳಲ್ಲಿ ಒಂದೇ ಒಂದರಲ್ಲೂ ಊರಿಗೆ ಹೋಗಿ ನೋಡಿ ಬಾ ಎಂಬ ಉತ್ತರ ಇರಲಿಲ್ಲ. ಪರೀಕ್ಷೆಗೆ ಅದು ಸರಿಯೇ. ಆದರೆ ಈ ಕೋಣೆಯಲ್ಲಿ ಕೂತವರೆಲ್ಲ ಎರಡು ವರ್ಷದಿಂದ ಹಸಿರು ಕಂಡೊಡನೆ, ರಸ್ತೆಯ ಸಿಗ್ನಲ್ಲಿನ ಹಸಿರಿನ ಹಾಗೆ, ಹೋಗು ಎಂದೇ ತಿಳಿದುಬಿಟ್ಟಿದ್ದರು. ಅವಳೂ ತಿಳಿದಿದ್ದಳು. ದೀಪದ ಬುಡದಲ್ಲೇ ಕತ್ತಲೆ ಅಂದರೆ ಇದೇ.

"ಸಾಹೇಬ್ರ, ಗೇಟು ನಿಲ್ಲಸ್ರಿ!"

"ಯಾಕ?"

"ಹೊಳ್ಯಾಗ ಓಣಿ ಹೆಣ್ಮಕ್ಕಳು ಹಾಸಿಗಿ ಒಗ್ಯಾಕತ್ತಾರ. ಹನ್ನೆರಡಕ್ಕ ಸೈರನ್ ಆತಂದ್ರ ಅವರು ಏಳಂಗಿಲ್ಲ, ಉಣ್ಣಾಕ ಕೂಡ್ತಾರ! ಫೋನ್ ಒಬ್ಬರ ಕಡೆನೂ ಇಲ್ಲ."

ಅತ್ತಾರರ ಮುಖ ಸುಣ್ಣವಾಯಿತು. ಗೋಡೆಯ ಗಡಿಯಾರದಲ್ಲಿ ಹನ್ನೊಂದು ಐವತ್ತೆರಡು. "ಗೇಟು ನಿಲ್ಲಸಾಕ ಆಗಂಗಿಲ್ಲ ಮೇಡಂ. ತಡಾ ಮಾಡಿದ್ರ ಕಟ್ಟೀನ ಒಡದು ಹೋಗ್ತದ, ಕೆಳಗ ಆರು ಊರು ಅದಾವ. ಸೈರನ್ ಈಗಲೇ ಬಾರಿಸ್ಲೇನು?"

"ಈಗ ಬಾರಿಸಿದ್ರ ಇವತ್ತ ಭೋಂಗಾ ಲಗೂ ಆತು ಅಂತಾರ. ಜೀಪ್ ಕೊಡ್ರಿ!"

ಅವರು ಕೀಲಿಕೈ ಎಸೆದರು. ಡ್ರೈವರ್ ಫಕೀರಪ್ಪ ಚಹಾದ ಲೋಟ ಅಲ್ಲೇ ಬಿಟ್ಟು ಓಡಿಬಂದ. ಜೀಪು ಹೊರಳುತ್ತಿದ್ದಂತೆ ನೀಲಾಂಬಿಕಾ ಗಂಡನಿಗೆ ಫೋನ್ ಹಚ್ಚಿದಳು. ಅವನ ಅಂಗಡಿಯಿಂದ ಹೊಳೆ ಬೈಕಿಗೆ ಹತ್ತು ನಿಮಿಷ.

"ರೀ, ಕಟ್ಟಿ ನೀರು ಬಿಡಾಕತ್ತಾರ. ಅತ್ತಿ ಹಾಸಿಗಿ ಒಗ್ಯಾಕ ಹೊಳಿಗೆ ಹೋಗ್ಯಾರ. ಲಗೂನ ಹೋಗಿ ಮ್ಯಾಲ ಕರಕೊಂಡ ಬರ್ರಿ!"

"ಹೊಂಟೆ!" ಎಂದ ಅವನು. ಫೋನ್ ಇಟ್ಟ.

ಬೆಟ್ಟದ ತಿರುವಿನಲ್ಲಿ ಜೀಪು ಇಳಿಯುತ್ತಿರುವಾಗ ಹನ್ನೆರಡಾಯಿತು. ಕಾರ್ಖಾನೆಯ ಭೋಂಗಾ ಒಂದು ಕಡೆಯಿಂದ, ಕೇಂದ್ರದ ಸೈರನ್ ಇನ್ನೊಂದು ಕಡೆಯಿಂದ, ಎರಡೂ ಒಂದೇ ಉಸಿರಿಗೆ ಕೂಗಿದವು. ಯಾವುದು ಯಾವುದೆಂದು ಅವಳಿಗೇ ಗೊತ್ತಾಗಲಿಲ್ಲ.

ಹುಣಸೆಮರದ ದಂಡೆಯಲ್ಲಿ ಜೀಪು ನಿಂತಾಗ ಕೆಳಗೆ ಕಂಡದ್ದು ಇಷ್ಟು. ಅಗಲವಾದ ಉಸುಕು, ಉಸುಕಿನ ತುಂಬ ಕೆಂಪು ಹಳದಿ ನೀಲಿ ಕೌದಿಗಳು, ನಡುವೆ ಸೀರೆ ಎತ್ತಿ ಕಟ್ಟಿದ ಇಪ್ಪತ್ತಾರು ಹೆಂಗಸರು ದುಂಡಗೆ ಕೂತು ಬುತ್ತಿಯ ಗಂಟು ಬಿಚ್ಚುತ್ತಿದ್ದಾರೆ. ಸೈರನ್ ಇನ್ನೂ ಕೂಗುತ್ತಲೇ ಇತ್ತು.

"ನೀರ ಬರ್ತಾವ! ಏಳ್ರಿ, ಏಳ್ರಿ!" ಎಂದು ನೀಲಾಂಬಿಕಾ ಉಸುಕಿನಲ್ಲಿ ಬೀಳುತ್ತ ಏಳುತ್ತ ಓಡಿದಳು.

"ಬಾ ಬಾ, ಹೊತ್ತಿಗೆ ಸರಿ ಬಂದಿ ನೋಡು," ಎಂದು ದ್ಯಾಮವ್ವ ಸರಿದು ಜಾಗ ಮಾಡಿದಳು. "ರೊಟ್ಟಿ ತಿನ್ನು. ಶೇಂಗಾ ಚಟ್ನಿ ಐತಿ."

"ಅತ್ತಿ, ಕಟ್ಟಿ ಗೇಟು ತಗದಾರ! ಆ ಸೈರನ್ ಕೇಳವಲ್ದೇನು?"

"ಅದು ಭೋಂಗಾ ಅಲ್ಲೇನ? ಇವತ್ತ ತುಸು ಉದ್ದ ಹೊಡದಾನ," ಎಂದಳು ಒಬ್ಬಳು. ಇನ್ನೊಬ್ಬಳು ಹೊಳೆಯ ಕಡೆ ಕೈ ತೋರಿಸಿ ನಕ್ಕಳು. ಹೊಳೆಯಲ್ಲಿ ಎಮ್ಮೆಯೊಂದು ಮೊಣಕಾಲುದ್ದ ನೀರಲ್ಲಿ ನಿಂತು ಬಾಲ ಬೀಸುತ್ತಿತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ, ಪ್ರತ್ಯಕ್ಷದಲ್ಲಿ ಎಮ್ಮೆ ಇದ್ದಾಗ ಯಾರು ಪ್ರಮಾಣಿಸುತ್ತಾರೆ?

ಕಡೆಗೆ ಒಂದಿಬ್ಬರು ಎದ್ದರು. ಎದ್ದವರೂ ಕೌದಿಯ ಕಡೆ ನೋಡಿ ನಿಂತರು. "ಹಸಿ ಕೌದಿ ಹೊರಾಕ ಆಕ್ಕೈತೇನು? ತುಸು ಆರಲಿ, ಹೊಕ್ಕೀವಿ ತಗೋ."

ಕೈಯಲ್ಲಿರುವ ಸಾಮಾನು ಬಿಟ್ಟು ಬರುತ್ತಾರೆ. ಹಸಿರು! ಅಜ್ಜಿ ಹೊಲಿದ ಕೌದಿಯನ್ನು ಉಸುಕಿನಲ್ಲಿ ಬಿಟ್ಟು ಹೋಗುವ ಹೆಂಗಸು ಈ ಊರಲ್ಲಿ ಹುಟ್ಟಿಲ್ಲ. ಸಿಟ್ಟಿನಲ್ಲಿ, ಹೆದರಿಕೆಯಲ್ಲಿ ನೀಲಾಂಬಿಕಾಳ ಕಣ್ಣು ತುಂಬಿ ಬಂತು. ಇವರಿಗೆ ಎಷ್ಟು ಕೂಗಿದರೇನು, ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗೆ. ಆಮೇಲೆ ತನ್ನ ಹಳೆಯ ಉಪಾಯದಂತೆ ಊಹೆಯನ್ನು ತಿರುವಿ ಹಾಕಿದಳು. ಕೌದಿ ಬಿಟ್ಟು ಇವರು ಬರುವುದಿಲ್ಲ. ಹಾಗಾದರೆ ಕೌದಿ ಹೋದಲ್ಲಿಗೆ ಬಂದೇ ಬರುತ್ತಾರೆ.

ಬಗ್ಗಿ ಅತ್ತೆಯ ನೀಲಿ ಅಂಚಿನ ಕೌದಿಯನ್ನು ಎಳೆದು ಹೆಗಲಿಗೆ ಹಾಕಿಕೊಂಡಳು. ಅರ್ಧ ಹಸಿ, ಕಲ್ಲಿನಷ್ಟು ಭಾರ. "ಫಕೀರಪ್ಪಾ, ಸಿಕ್ಕಿದ್ದು ಎಳಕೊಂಡು ಜೀಪಿಗೆ ಹಾಕು! ಯಾರದೂ ಕೇಳಬ್ಯಾಡ!"

"ಏ ನೀಲಾ! ಹುಚ್ಚು ಹಿಡದೈತೇನ ನಿನಗ?" ದ್ಯಾಮವ್ವ ರೊಟ್ಟಿ ಕೈಯಲ್ಲೇ ಎದ್ದು ಬೆನ್ನು ಹತ್ತಿದಳು. "ನಮ್ಮವ್ವನ ಕೌದಿ ಐತಿ ಅದು, ಉಸುಕಾಗ ಎಳೀಬ್ಯಾಡ!"

"ಡ್ರೈವರಾ, ಕೈ ಮುರೀತೇನಿ ನೋಡು!" ಎಂದು ಇನ್ನೊಬ್ಬಳು. ಆಮೇಲೆ ಎಲ್ಲರೂ. ಬೈಗುಳವೋ ಬೈಗುಳ. ಹೊಳೆದಂಡೆಯಲ್ಲಿ ಅಷ್ಟು ಬೈಗುಳ ಹಿಂದೆಂದೂ ಬಿದ್ದಿರಲಿಕ್ಕಿಲ್ಲ. ಒಬ್ಬಳು ತನ್ನ ಕೌದಿಯ ಒಂದು ತುದಿ ಹಿಡಿದಳು, ಫಕೀರಪ್ಪ ಇನ್ನೊಂದು ತುದಿ ಹಿಡಿದು ದಂಡೆಯ ಮೇಲಕ್ಕೇ ಎಳೆದ. ಕೆಲವರು ತಮ್ಮ ಕೌದಿ ಕಳ್ಳರ ಕೈಗೆ ಸಿಗಬಾರದೆಂದು ತಾವೇ ಹೊತ್ತು ಮೇಲೆ ಓಡಿದರು. ಅಭ್ಯಾಸಬಲ, ಹೋಗುವಾಗ ಬುತ್ತಿ ಗಂಟನ್ನೂ ಕಟ್ಟಿ ಬಗಲಿಗಿಟ್ಟುಕೊಂಡರು. ನಾಲ್ಕು ಸಲ ಇಳಿದು ಹತ್ತಿ ನೀಲಾಂಬಿಕಾಳಿಗೆ ಉಸಿರು ನಿಂತಂತಾಯಿತು. ಕಡೆಯವಳು ದಂಡೆ ಹತ್ತಿದಾಗ ಹನ್ನೆರಡೂ ಮೂವತ್ತು.

"ಊರ ಮುಂದ ನಿನ್ನ ಮಾನಾ ಕಳೀತೇನಿ ಇವತ್ತ," ಎಂದು ದ್ಯಾಮವ್ವ ಏದುಸಿರು ಬಿಡುತ್ತ ನಿಂತಳು.

"ಕಳೀರಿ ಅತ್ತಿ. ಎಲ್ಲಾರೂ ಬಂದ್ರಲ್ಲ?"

"ಬಂದ್ವಿ, ಎಲ್ಲಾರೂ ಬಂದ್ವಿ."

ನೀಲಾಂಬಿಕಾ ಹುಣಸೆಮರಕ್ಕೆ ಒರಗಿದಳು. ಎಲ್ಲಾರೂ. ಬುಡ್ಡಿ ಇಲ್ಲಿ ಇದ್ದಿದ್ದರೆ ಏನು ತೋರಿಸುತ್ತಿತ್ತು? 'ಊಹೆ: ಹೊಳೆಯಲ್ಲಿ ಇದ್ದವರು ಯಾರು ಯಾರೆಂದು ಹೇಳುವವರಿಗೆ ಗೊತ್ತಿದೆ.' ಹಸಿರು.

ಆಗ ನೆನಪಾಯಿತು. ಅಂಗಡಿಯಿಂದ ಹೊಳೆಗೆ ಹತ್ತು ನಿಮಿಷ. ಫೋನ್ ಮಾಡಿ ಮೂವತ್ತೈದು ನಿಮಿಷವಾಗಿದೆ. ಮುರಿಗೆಪ್ಪ ಎಲ್ಲಿ?

ಅತ್ತಿ ಹಾಸಿಗಿ ಒಗ್ಯಾಕ ಹೊಳಿಗೆ ಹೋಗ್ಯಾರ. ಹೀಗಂತ ತಾನೇ ಹೇಳಿದ್ದು? ಯಾವ ದಂಡೆಗೆ ಎಂದು ಹೇಳಿದಳೇ? ಈ ಸಲ ಹುಣಸೆಮರ ಎಂದು ದ್ಯಾಮವ್ವ ಹೇಳುವಾಗ ಅವನು ಮನೆಯಲ್ಲೇ ಇರಲಿಲ್ಲ, ಅಂಗಡಿಗೆ ಹೋಗಿಯಾಗಿತ್ತು. ಅವನು ಹುಟ್ಟಿದಾಗಿನಿಂದ ಹಾಸಿಗೆ ಒಗೆಯುವುದು ಅಂದರೆ ನಡುಹೊಳೆಯ ಆ ದೊಡ್ಡ ಬಂಡೆ, ಕರೆಗುಂಡು. ತನಗೆ ಗೊತ್ತಿದ್ದದ್ದು ಅವನಿಗೂ ಗೊತ್ತಿದೆ ಎಂದುಕೊಂಡುಬಿಟ್ಟಿದ್ದಳು! ಹನ್ನೊಂದು ಸಾವಿರ ಪ್ರಶ್ನೆ ಬರೆದವಳು, ಮೂರು ಮಾತಿನ ಫೋನಿನಲ್ಲಿ!

ಎರಡು ಸಲ ತಪ್ಪು ನಂಬರು ಒತ್ತಿ ಮೂರನೇ ಸಲ ಹಚ್ಚಿದಳು.

"ಏ, ಎಲ್ಲಿ ಅದೀರಿ ನೀವು? ಕರೆಗುಂಡಿನ ಸುತ್ತ ಹುಡುಕಿ ಹುಡುಕಿ ಸಾಕಾತು," ಎಂದ ಮುರಿಗೆಪ್ಪ. "ಇಲ್ಲಿ ಒಂದು ನರಪಿಳ್ಳೆ ಇಲ್ಲ. ಆ ಕಡಿ ದಂಡಿಗೆ ದಾಟಿ ನೋಡ್ತೇನಿ ತಡಿ."

"ಬ್ಯಾಡ್ರಿ! ಅವರೆಲ್ಲಾ ಇಲ್ಲೇ ಹುಣಸಿಮರದ ಕಡೆ ಮ್ಯಾಲ ಬಂದಾರ. ನೀವು ಮ್ಯಾಲ ಹತ್ರಿ! ಈಗಿಂದೀಗ!"

"ದಂಡಿ ದೂರ ಐತಲ್ಲ, ನಾ ನಡುಹೊಳ್ಯಾಗ ಇದ್ದೇನಿ..." ಅವನ ಮಾತು ನಿಂತಿತು. "ನೀಲಾ. ಇದೇನ ಸಪ್ಪಳ?"

"ಗುಂಡಿನ ಮ್ಯಾಲ ಹತ್ರಿ! ರೀ, ಗುಂಡು ಹತ್ರಿ!"

ಏನೋ ಬಿದ್ದ ಸದ್ದು. ಫೋನ್ ಸತ್ತಿತು.

ಅದೇ ಹೊತ್ತಿಗೆ ಅವರ ಕಣ್ಣೆದುರು ಹೊಳೆ ಬಂತು. ಕೆಂಪು ನೀರು, ಅದರ ಮುಂದೆ ಕಸ, ಟೊಂಗೆ, ನೊರೆ. ಅವರು ಕೂತು ರೊಟ್ಟಿ ಬಿಚ್ಚಿದ್ದ ಉಸುಕು ಎರಡು ನಿಮಿಷದಲ್ಲಿ ಕಾಣದಾಯಿತು. ಒಬ್ಬಳು ಕೂತಲ್ಲೇ ಅಳತೊಡಗಿದಳು. ನೀಲಾಂಬಿಕಾ ಅತ್ತೆಗೆ ಹೇಳಬೇಕಾದದ್ದನ್ನು ಹೇಗೆ ಹೇಳಿದಳೋ ಅವಳಿಗೇ ನೆನಪಿಲ್ಲ. ದ್ಯಾಮವ್ವ ಅವಳನ್ನು ಬೈಯಲಿಲ್ಲ. ಕೌದಿಯನ್ನು ಎದೆಗೆ ಅವಚಿಕೊಂಡು ದಂಡೆಯ ಗುಂಟ ಕರೆಗುಂಡಿನ ಕಡೆ ನಡೆಯತೊಡಗಿದಳು, ಚಪ್ಪಲಿ ಕೂಡ ಇಲ್ಲದೆ.

ಮುರಿಗೆಪ್ಪ ಬದುಕಿದ್ದ. ಕರೆಗುಂಡು ಆಳೆತ್ತರದ ಬಂಡೆಯಲ್ಲ, ಮೂರು ಆಳಿನಷ್ಟಿದೆ. ನೀರು ಅದರ ಸೊಂಟಕ್ಕೆ ಬಂದು ನಿಂತಿತ್ತು. ತುದಿಯಲ್ಲಿ ಅವನು ಕಪ್ಪೆಯ ಹಾಗೆ ಅಂಟಿಕೊಂಡು ಕೂತಿದ್ದ. ದಂಡೆಯಿಂದ ಕೂಗಿದರೆ ಕೇಳಿಸದು, ಕೈ ಬೀಸಿದರೆ ಬೀಸುತ್ತಿದ್ದ. ಆ ನಾಲ್ಕು ತಾಸು ಅತ್ತೆ ಸೊಸೆ ಕೈ ಕೆಳಗಿಳಿಸಲಿಲ್ಲ. ಒಬ್ಬಳು ದಣಿದರೆ ಇನ್ನೊಬ್ಬಳು ಬೀಸಿದಳು.

ಮೂರರ ಹೊತ್ತಿಗೆ ಅತ್ತಾರರು ಬಂದರು. ರಬ್ಬರ್ ದೋಣಿ ಬರಲು ಇನ್ನೂ ತಡವಿತ್ತು. "ಬುಡ್ಡಿ ದಾಖಲೆ ಮತ್ತ ತಗಸಿ ನೋಡಿದೆ ಮೇಡಂ," ಎಂದು ತಗ್ಗಿದ ದನಿಯಲ್ಲಿ ಹೇಳಿದರು. "ಒಂದೂ ತಪ್ಪಿಲ್ಲ. ಹದಿನೇಳೂ ಬರೋಬ್ಬರಿ."

"ಅದ ನನಗ ಹೆದರಿಕಿ ಸಾಹೇಬ್ರ," ಎಂದಳು ಅವಳು, ಹೊಳೆಯಿಂದ ಕಣ್ಣು ಕೀಳದೆ. "ತಪ್ಪು ಮಾಡಿದ್ರ ತಿದ್ದಬಹುದಿತ್ತು. ಉತ್ತರ ಎಲ್ಲಾ ಸರಿ ಅದಾವ. ನಾ ಕೇಳಿದ ಪ್ರಶ್ನೇನ ಅರ್ಧಾ ಇತ್ತು."

ಸಂಜೆ ಐದಕ್ಕೆ ಗೇಟು ಇಳಿಸಿದ ಮೇಲೆ ದೋಣಿಯವರು ಅವನನ್ನು ದಂಡೆಗೆ ತಂದರು. ಬೈಕು ಹೋಗಿತ್ತು, ಫೋನು ಹೋಗಿತ್ತು, ಹಲ್ಲು ಕಟಕಟ ಕಡಿಯುತ್ತಿತ್ತು. ದ್ಯಾಮವ್ವ ಎದೆಗವಚಿ ಆರಿಸಿದ್ದ ಕೌದಿಯನ್ನು ನಲವತ್ತೆಂಟು ವರ್ಷದ ಮಗನಿಗೆ ಸುತ್ತಿದಳು.

"ಯಾವ ದಂಡಿ ಅಂತ ಒಂದು ಮಾತು ಕೇಳಬಾರದೇನೋ ಮಗನ?"

"ಕೇಳೂದೇನೈತಿ ಬೇ, ಕರೆಗುಂಡು ಅಂತ ಗೊತ್ತಿತ್ತಲ್ಲ," ಎಂದ ಅವನು. ನೀಲಾಂಬಿಕಾ ಅಲ್ಲೇ ರಾಡಿಯಲ್ಲಿ ಕೂತು ಮುಖ ಮುಚ್ಚಿಕೊಂಡು ಅತ್ತಳು. ಯಾರು ಎಬ್ಬಿಸಿದರೂ ಏಳಲಿಲ್ಲ.

ಮನೆ ಸೇರಿ, ಬಿಸಿನೀರು ಹಾಕಿಕೊಂಡು, ಮುರಿಗೆಪ್ಪ ಕೌದಿ ಹೊದ್ದೇ ಅಡುಗೆಮನೆಗೆ ಬಂದು ಗೋಡೆಗೆ ಒರಗಿದ.

"ಊಟಕ್ಕೇನೈತಿ?"

ಕಪಾಟಿನ ಮೇಲೆ ಬುಡ್ಡಿ ಹತ್ತಿತು. 'ಊಹೆ: ಅಡುಗೆಯನ್ನು ಬೇರೆ ಯಾರೋ ಮಾಡಿದ್ದಾರೆ.' ಹಸಿರು.

"ಮುಚ್ಚಳಾ ತಗದು ನೋಡ್ರಿ," ಎಂದಳು ನೀಲಾಂಬಿಕಾ.

ಅವನು ಹೋಗಿ ತೆಗೆದು ನೋಡಿದ. ಪಾತ್ರೆ ಖಾಲಿ. ಇನ್ನೊಂದನ್ನೂ ತೆಗೆದ, ಅದೂ ಖಾಲಿ. ಅವನು ತಿರುಗಿ ಬುಡ್ಡಿಯ ಕಡೆ ನೋಡಿದ. ಅದು ಇನ್ನೂ ಹಸಿರಾಗಿಯೇ ಇತ್ತು. ಇಬ್ಬರಿಗೂ ನಗು ಬಂತು. ಆ ನಗು ತಡೆಯಲಾಗದೆ ಹೊಟ್ಟೆ ಹಿಡಿದುಕೊಳ್ಳುವ ಹಾಗಾಯಿತು. ಅಷ್ಟರಲ್ಲಿ ದ್ಯಾಮವ್ವ ಮಧ್ಯಾಹ್ನದ ಬುತ್ತಿ ಗಂಟನ್ನು ತಂದು ನಡುವೆ ಇಟ್ಟು ಬಿಚ್ಚಿದಳು. ರೊಟ್ಟಿ ಗಟ್ಟಿಯಾಗಿತ್ತು, ಚಟ್ನಿ ಚೆನ್ನಾಗಿಯೇ ಇತ್ತು. ಮೂವರೂ ಒಂದೇ ತಾಟಿನಲ್ಲಿ ಕೈ ಹಾಕಿದರು.

"ನಾಳಿಂದ ಆ ಹನ್ನೊಂದು ಸಾವಿರಾನೂ ಮತ್ತ ಬರಿತೇನಿ," ಎಂದಳು ನೀಲಾಂಬಿಕಾ. "ಹಸಿರು ಕೆಂಪು ಅಲ್ಲದ ಇನ್ನೊಂದು ಉತ್ತರ ಇಡ್ತೇನಿ. ಹೋಗಿ ನೋಡಿ ಬಾ ಅಂತ."

"ಅಷ್ಟು ಬರ್ಯಾಕ ಎಷ್ಟು ವರ್ಷ ಬೇಕವಾ?" ಎಂದು ದ್ಯಾಮವ್ವ ಕೇಳಿದಳು. ಉತ್ತರ ಹೇಳುವ ಮೊದಲೇ ಎಂಟಾಯಿತು. ಭೋಂಗಾ ಕೂಗಿತು.

ಮೂರು ತುತ್ತು ಮೂರು ಬಾಯಿಯ ಹತ್ತಿರ ನಿಂತವು.

"ಪಾಳಿ ಬದಲಾತು, ತಗೋ," ಎಂದ ಮುರಿಗೆಪ್ಪ. ದನಿಯಲ್ಲಿ ಗಟ್ಟಿತನ ಇರಲಿಲ್ಲ. ಬುಡ್ಡಿ ಹಸಿರಾಯಿತು: 'ಊಹೆ: ಇದು ಕಾರ್ಖಾನೆಯ ಭೋಂಗಾ.'

ಯಾರೂ ಅದರ ಕಡೆ ನೋಡಲಿಲ್ಲ. ಮೊದಲು ಎದ್ದವಳು ದ್ಯಾಮವ್ವ. ಎಂಜಲು ಕೈಯಲ್ಲೇ ಬಾಗಿಲು ತೆಗೆದು ಹೊರಗೆ ಹೋದಳು. ಹಿಂದೆ ಮಗ, ಹಿಂದೆ ಸೊಸೆ. ಓಣಿಯ ತುಂಬ ಪ್ರತಿ ಬಾಗಿಲೂ ತೆರೆದಿತ್ತು. ಮಾತು ಬಿಟ್ಟಿದ್ದ ಪಕ್ಕದ ಮನೆಯ ಅತ್ತೆ ಸೊಸೆ ಕೂಡ ಒಂದೇ ಹೊಸ್ತಿಲ ಮೇಲೆ ನಿಂತಿದ್ದರು. ಎಲ್ಲರ ಕೈಯಲ್ಲೂ ಅನ್ನ ಹತ್ತಿತ್ತು, ಎಲ್ಲರೂ ಹೊಳೆಯ ಕಡೆ ಕಿವಿಗೊಟ್ಟು ನಿಂತಿದ್ದರು.

"ಯಾವುದ ಅದು?" ಎಂದು ಯಾರೋ ಕೇಳಿದರು.

"ಗೊತ್ತಿಲ್ಲ," ಎಂದಳು ನೀಲಾಂಬಿಕಾ. "ನಡೀರಿ, ನೋಡಿ ಬರೂಣು."